ಸಂಘದ ಸಾಫ್ಟ್‌ವೇರ್‌ಗೂ ಬ್ಯಾಂಕಿನ ಸಾಫ್ಟ್‌ವೇರ್‌ಗೂ ನಡುವೆ ಒಂದು ಮೆಸೇಜ್ ಕ್ಯೂ ಹಾಕ್ಸಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ ಕಂಪ್ಯೂಟರ್ ಬರ್ತಿರೋ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಓದ್ತಾ ಇರ್ತೀನಿ. ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟು, ದೇಶದ 63,000 ಸಂಘಗಳನ್ನ ಒಂದೇ ಸಾಫ್ಟ್‌ವೇರ್‌ಗೆ ತಂದು ಅಲ್ಲಿಂದ ಜಿಲ್ಲೆಯ ಡಿಸಿಸಿ ಬ್ಯಾಂಕು, ರಾಜ್ಯದ ಅಪೆಕ್ಸ್ ಬ್ಯಾಂಕು, ನಬಾರ್ಡ್ ತನಕ ಕೊಂಡಿ ಹಾಕ್ತೀವಿ ಅಂತ ಹೇಳ್ತು. ಒಳ್ಳೇ ಕೆಲಸ, ತಡವಾಗಾದ್ರೂ ಆಗ್ತಿದೆ. ಗದಗದ ಹತ್ರ ಕಣಗಿನಹಾಳದಲ್ಲಿ 1905ರಲ್ಲೇ ಸಿದ್ದನಗೌಡ ಪಾಟೀಲರು ಪತ್ತಿನ ಸಂಘ ಕಟ್ಟಿದ ನಾಡು ನಮ್ಮದು, ಸಂಘ ಅಂದ್ರೆ ಹಳ್ಳಿ ಜನಕ್ಕೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದ್ರೆ ಈ ಕೊಂಡಿ ಹಾಕೋದು ಅಂತ ಎಲ್ರೂ ಸಲೀಸಾಗಿ ಹೇಳ್ತಾರಲ್ಲ, ಅದನ್ನ ಹೆಂಗೆ ಹಾಕ್ತಾರೆ ಅನ್ನೋದರ ಬಗ್ಗೆ ಎಲ್ಲೂ ಒಂದು ಮಾತು ಕಾಣಲಿಲ್ಲ. ನಾನು ಬೆಂಗಳೂರಲ್ಲಿ ಮಿಡಲ್‌ವೇರ್ ಕೆಲಸ ಮಾಡೋನು, ಅಂದ್ರೆ ಒಂದು ಸಾಫ್ಟ್‌ವೇರ್ ಕೊಟ್ಟ ಸುದ್ದಿನ ಇನ್ನೊಂದು ಸಾಫ್ಟ್‌ವೇರ್‌ಗೆ ಕಳೀದಂಗೆ ಮುಟ್ಟಿಸೋ ಕೆಲಸ. ಊರು ಮಾತ್ರ ಹಳ್ಳಿ, ಮನೆಯವರು ಸಂಘದ ಸದಸ್ಯರು. ಅದಕ್ಕೇ ಈ ವಿಷಯ ಬರೀಲೇಬೇಕು ಅನ್ನಿಸ್ತು.

ಆಗಿದ್ದು ಇಷ್ಟು. ನಮ್ಮ ಸಂಬಂಧಿಕರೊಬ್ಬರು ಬೆಳೆಸಾಲದ ಕೊನೇ ದಿನ ರಾತ್ರಿ ಊಟ ಆದ್ಮೇಲೆ ಸಂಘದವರು ಕೊಟ್ಟಿದ್ದ ಕ್ಯೂಆರ್ ಕೋಡ್‌ಗೆ ಫೋನಿಂದ ಸಾಲದ ಪೂರ್ತಿ ದುಡ್ಡು ಕಟ್ಟಿದ್ರು. ಅವರ ಬ್ಯಾಂಕಿಂದ ದುಡ್ಡು ಕಟ್ಟಾಯ್ತು ಅಂತ ಮೆಸೇಜ್ ಬಂತು, ಆಪ್‌ನಲ್ಲಿ ಹಸಿರು ಟಿಕ್ ಬಂತು, ನೆಮ್ಮದಿಯಾಗಿ ಮಲ್ಕೊಂಡ್ರು. ಬೆಳಗ್ಗೆ ಸಂಘಕ್ಕೆ ಹೋದ್ರೆ ಸಾಲದ ಖಾತೆ ಹಂಗೇ ಇದೆ, ಮೇಲಿಂದ ಸುಸ್ತಿ ಅಂತ ಬೇರೆ ತೋರಿಸ್ತಿದೆ. ನಮ್ಮ ರಾಜ್ಯದಲ್ಲಿ 5 ಲಕ್ಷದ ತನಕ ಬಡ್ಡಿ ಇಲ್ಲದ ಬೆಳೆಸಾಲ ಇದೆಯಲ್ಲ, ಅದು ಗಡುವಿನೊಳಗೆ ಕಟ್ಟಿದವರಿಗೆ ಮಾತ್ರ, ಒಂದು ದಿನ ತಪ್ಪಿದ್ರೂ ಬಡ್ಡಿ ಬೀಳುತ್ತೆ. ಹಂಗಾಗಿ ಇವರ ಹೆಸರಿಗೂ ಬಡ್ಡಿ ಬಿತ್ತು. ಕಾರ್ಯದರ್ಶಿಗಳು ಒಳ್ಳೇ ಮನುಷ್ಯರು, ಅವರು ತಾನೇ ಏನ್ ಮಾಡ್ತಾರೆ, 'ರಾತ್ರಿ ಸರ್ವರ್ ಡೌನ್ ಇತ್ತಂತೆ, ಬ್ಯಾಂಕಿಗೆ ಹೋಗಿ ಕೇಳಿ' ಅಂದ್ರು, ಬ್ಯಾಂಕಿನವರು 'ನಮ್ಮ ಕಡೆ ಎಲ್ಲ ಸರಿ ಇದೆ, ಸಂಘದಲ್ಲಿ ಕೇಳಿ' ಅಂದ್ರು. ಸ್ಟೇಟ್‌ಮೆಂಟ್ ಹಿಡ್ಕೊಂಡು ತಾಲೂಕಿಗೂ ಜಿಲ್ಲೆಗೂ ಅಲೆದು ಕೊನೆಗೆ ಸರಿ ಆಯ್ತು, ಆದ್ರೆ ಅಷ್ಟು ಅಲೆದಾಡೋ ಶಕ್ತಿ ಎಲ್ಲರಿಗೂ ಇರುತ್ತಾ?

ಇಲ್ಲಿ ಒಂದು ಸೂಕ್ಷ್ಮ ಇದೆ, ಅದನ್ನ ಓದುಗರು ಗಮನಿಸಬೇಕು. ದುಡ್ಡು ಕಟ್ಟಾಗಿ ಆ ಕಡೆ ಸೇರದೇ ಇದ್ರೆ ಏನ್ ಮಾಡ್ಬೇಕು ಅಂತ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲೇ ಆದೇಶ ಮಾಡಿದೆ. ಯುಪಿಐನಲ್ಲಿ ಒಬ್ಬರಿಂದ ಒಬ್ಬರಿಗೆ ಕಳಿಸಿದ್ದಾದ್ರೆ ಮಾರನೇ ದಿನದೊಳಗೆ, ಅಂಗಡಿಗೆ ಕಟ್ಟಿದ್ದಾದ್ರೆ 5 ದಿನದೊಳಗೆ ವಾಪಸ್ ಬರ್ಬೇಕು, ತಡ ಆದ್ರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡ್ಬೇಕು. ಆದ್ರೆ ನಮ್ಮವರ ಕೇಸ್‌ಗೆ ಇದು ಅನ್ವಯ ಆಗ್ಲೇ ಇಲ್ಲ, ಯಾಕಂದ್ರೆ ದುಡ್ಡು ಸಂಘದ ಖಾತೆಗೆ ಅವತ್ತೇ ರಾತ್ರಿ ಸೇರಿತ್ತು! ಸೇರದೇ ಹೋಗಿದ್ದು ದುಡ್ಡು ಬಂತು ಅನ್ನೋ ಸುದ್ದಿ. ಪೇಮೆಂಟ್ ಸಾಫ್ಟ್‌ವೇರಿಂದ ಸಾಲದ ಸಾಫ್ಟ್‌ವೇರ್‌ಗೆ ಹೋಗಬೇಕಾಗಿದ್ದ ಒಂದು ಚಿಕ್ಕ ಮೆಸೇಜು ದಾರೀಲಿ ಕಳೆದುಹೋಯ್ತು, ಅದು ಕಳೆದುಹೋದ್ರೆ ಕೇಳೋಕೆ ಯಾವ ಆದೇಶಾನೂ ನನಗೆ ಕಾಣಲಿಲ್ಲ, ಯಾವ ಪರಿಹಾರಾನೂ ಕಾಣಲಿಲ್ಲ.

ಹೆಂಗೆ ಕಳೆದುಹೋಯ್ತು ಅಂತ ನಾನೇ ಕೂತು ಕೇಳಿ ತಿಳ್ಕೊಂಡೆ. ಆ ಎರಡು ಸಾಫ್ಟ್‌ವೇರ್‌ಗಳನ್ನ ನೇರವಾಗಿ ಒಂದಕ್ಕೊಂದು ಕಟ್ಟಿದ್ದಾರೆ. ದುಡ್ಡು ಬಂದ ತಕ್ಷಣ ಪೇಮೆಂಟ್ ಕಡೆಯಿಂದ ಸಾಲದ ಸರ್ವರ್‌ನ ಒಂದು ವಿಳಾಸಕ್ಕೆ ಕಾಲ್ ಹೋಗುತ್ತೆ, ಇಂಥ ನಂಬರಿನ ಖಾತೆಗೆ ಇಷ್ಟು ಬಂದಿದೆ ಅಂತ. ಆ ಕಡೆ ಸರ್ವರ್ ಎದ್ದಿದ್ರೆ ಸರಿ. ಆದ್ರೆ ಸಾಲದ ಸಾಫ್ಟ್‌ವೇರ್ ದಿನಾ ರಾತ್ರಿ ಡೇ ಎಂಡ್ ಅಂತ ಲೆಕ್ಕ ಮುಚ್ಚೋಕೆ ಕೂರುತ್ತೆ, ಬಡ್ಡಿ ಹಾಕುತ್ತೆ, ಸುಸ್ತಿ ಪಟ್ಟಿ ತೆಗೆಯುತ್ತೆ, ಅಷ್ಟು ಹೊತ್ತು ಹೊರಗಿನ ಯಾವ ಕಾಲೂ ತಗೊಳ್ಳಲ್ಲ. ಪೇಮೆಂಟ್ ಕಡೆಯದು ಮೂರ್ನಾಕು ಸಲ ಬಾಗಿಲು ತಟ್ಟುತ್ತೆ, ಉತ್ತರ ಬರದಿದ್ರೆ ನಡೆದಿದ್ದನ್ನೆಲ್ಲ ಬರ್ಕೊಳ್ಳೋ ಲಾಗ್ ಫೈಲಲ್ಲಿ ಫೇಲ್ಡ್ ಅಂತ ಒಂದು ಸಾಲು ಬರ್ದು ಸುಮ್ಮನಾಗುತ್ತೆ. ಆ ಲಾಗ್ ಫೈಲ್ ಓದೋರು ಯಾರೂ ಇಲ್ಲ. ಅದೂ ಎಂಥ ಹೊತ್ತಲ್ಲಿ ನೋಡಿ, ಕೊನೇ ದಿನದ ರಾತ್ರಿಯೇ ಜನ ಜಾಸ್ತಿ ಕಟ್ಟೋದು, ಅವತ್ತೇ ಡೇ ಎಂಡ್ ಜಾಸ್ತಿ ಹೊತ್ತು ಓಡೋದು. ಇದನ್ನ ಸರ್ವರ್ ಡೌನ್ ಅಂತ ಕರೆಯೋದೇ ತಪ್ಪು, ಸರ್ವರ್ ತನ್ನ ಮಾಮೂಲಿ ಕೆಲಸ ಮಾಡ್ತಾ ಇತ್ತು ಅಷ್ಟೇ, ಅದು ಬಿಡುವಾಗೋ ತನಕ ಸುದ್ದಿನ ಇಟ್ಕೊಳ್ಳೋಕೆ ನಡುವೆ ಒಂದು ಜಾಗ ಇರಲಿಲ್ಲ.

ಆ ಜಾಗಕ್ಕೇ ಮೆಸೇಜ್ ಕ್ಯೂ ಅನ್ನೋದು. ಹಳ್ಳಿ ಡೈರೀಲಿ ಬಲ್ಕ್ ಕೂಲರ್ ಇರುತ್ತಲ್ಲ ಹಂಗೆ: ಜನ ಬೆಳಗ್ಗೆ ಸಂಜೆ ಹಾಲು ಹಾಕಿ, ಚೀಟಿ ತಗೊಂಡು ಮನೆಗೆ ಹೋಗ್ತಾರೆ, ಟ್ಯಾಂಕರ್ ಯಾವಾಗ ಬರುತ್ತೆ ಅನ್ನೋದು ಅವರ ತಲೆನೋವಲ್ಲ, ಬರೋ ತನಕ ಹಾಲು ಕೆಡದಂಗೆ ಕೂಲರ್‌ನಲ್ಲಿ ಇರುತ್ತೆ. ಅದೇ ಥರ ಪೇಮೆಂಟ್ ಸಾಫ್ಟ್‌ವೇರು ಮೆಸೇಜನ್ನ ಕ್ಯೂಗೆ ಹಾಕುತ್ತೆ, ಕ್ಯೂ ಅದನ್ನ ಡಿಸ್ಕ್‌ಗೆ ಬರ್ಕೊಂಡು 'ನನ್ನ ಕೈಗೆ ಸೇರಿತು' ಅಂತ ಅಕ್ನಾಲೆಜ್‌ಮೆಂಟ್ ಕೊಡುತ್ತೆ, ಅಲ್ಲಿಗೆ ಪೇಮೆಂಟ್ ಕಡೆಯವರ ಜವಾಬ್ದಾರಿ ಮುಗೀತು. ಸಾಲದ ಸಾಫ್ಟ್‌ವೇರ್ ಡೇ ಎಂಡ್ ಮುಗಿಸಿ ಎದ್ದ ಮೇಲೆ ಒಂದೊಂದೇ ಮೆಸೇಜ್ ತಗೊಂಡು ಖಾತೆಗೆ ಜಮಾ ಮಾಡಿ, ಆಯ್ತು ಅಂತ ಹೇಳಿದ ಮೇಲಷ್ಟೇ ಕ್ಯೂ ಅದನ್ನ ಅಳಿಸುತ್ತೆ. ನಡುವೆ ಕರೆಂಟ್ ಹೋದ್ರೂ, ಸರ್ವರ್ ರೀಸ್ಟಾರ್ಟ್ ಆದ್ರೂ, ತಾಲೂಕಿನ ಇಂಟರ್ನೆಟ್ ಕೇಬಲ್‌ನ ಜೆಸಿಬಿ ಕಿತ್ತು ಹಾಕಿದ್ರೂ ಮೆಸೇಜ್ ಅಲ್ಲೇ ಇರುತ್ತೆ.

ಇದೇನು ಹೊಸ ಸಂಶೋಧನೆ ಅಲ್ಲ. ಐಬಿಎಂನವರು ಎಂಕ್ಯೂ ಸೀರೀಸ್ ಅಂತ ಮೆಸೇಜ್ ಕ್ಯೂ ಸಾಫ್ಟ್‌ವೇರ್ ತಂದಿದ್ದೇ 1993ರಲ್ಲಿ, ಅದು ಹೆಸರು ಬದಲಾಯಿಸ್ಕೊಂಡು ಐಬಿಎಂ ಎಂಕ್ಯೂ ಆಗಿ ಇವತ್ತಿಗೂ ದೊಡ್ಡ ದೊಡ್ಡ ಬ್ಯಾಂಕುಗಳಲ್ಲಿ ಓಡ್ತಿದೆ. ಅದಕ್ಕಿಂತ ಮುಂಚೆನೇ ಮುಂಬೈಲಿ ಹುಟ್ಟಿ ಅಮೆರಿಕಕ್ಕೆ ಹೋದ ವಿವೇಕ್ ರಣದಿವೆ ಅವರು ಷೇರು ಮಾರುಕಟ್ಟೆ ಕಂಪನಿಗಳಿಗೆ ಸುದ್ದಿ ಸಾಗಿಸೋ ಇನ್ಫರ್ಮೇಷನ್ ಬಸ್ ಅಂತ ಸಾಫ್ಟ್‌ವೇರ್ ಕಟ್ಟಿದ್ರು, ಅದೇ ಮುಂದೆ ಟಿಬ್ಕೋ ಕಂಪನಿ ಆಯ್ತು. ಆಗ ಇವೆಲ್ಲ ಕಾಸು ಜಾಸ್ತಿ ಇದ್ದವರ ಸೊತ್ತು, ಲೈಸೆನ್ಸ್ ದುಬಾರಿ, ಒಂದು ಕಂಪನಿಯದು ಇನ್ನೊಂದರ ಜತೆ ಮಾತಾಡ್ತಿರಲಿಲ್ಲ. ಇದರಿಂದ ಬೇಸತ್ತು ಜೆಪಿ ಮಾರ್ಗನ್ ಬ್ಯಾಂಕಿನ ಜಾನ್ ಒ'ಹಾರ ಅನ್ನೋರು 2003ರಲ್ಲಿ ಎಲ್ರೂ ಬಳಸಬಹುದಾದ ಒಂದು ಬಹಿರಂಗ ನಿಯಮಾವಳಿ ಬೇಕು ಅಂತ ಶುರು ಮಾಡಿದ್ರು, ಅದೇ ಎಎಂಕ್ಯೂಪಿ. ಅದನ್ನ ಹಿಡ್ಕೊಂಡು 2007ರಲ್ಲಿ ರ‍್ಯಾಬಿಟ್‌ಎಂಕ್ಯೂ ಅನ್ನೋ ಕ್ಯೂ ಸಾಫ್ಟ್‌ವೇರ್ ಬಂತು, ಎರಿಕ್ಸನ್ ಕಂಪನಿ ಟೆಲಿಫೋನ್ ಎಕ್ಸ್‌ಚೇಂಜ್‌ಗೆ ಅಂತ ಮಾಡ್ಕೊಂಡಿದ್ದ ಎರ್ಲಾಂಗ್ ಭಾಷೇಲಿ ಬರೆದಿದ್ದು. ಅದು ಉಚಿತ, ಓಪನ್ ಸೋರ್ಸ್, ಸಾಧಾರಣ ಒಂದು ಸರ್ವರ್ ಇದ್ರೆ ಸಾಕು. ಅಂದ್ರೆ ದುಡ್ಡಿಲ್ಲ ಅನ್ನೋ ನೆಪ ಹೇಳೋ ಕಾಲ ಹೋಗಿ ಎಷ್ಟೋ ವರ್ಷ ಆಯ್ತು. ಬೆಂಗಳೂರಲ್ಲಿ ಕೂತು ಅಮೆರಿಕ, ಯುರೋಪಿನ ಬ್ಯಾಂಕುಗಳಿಗೆ ಇದೇ ಕೆಲಸನ ಹಗಲೂ ರಾತ್ರಿ ಮಾಡಿಕೊಡೋ ಹುಡುಗ್ರು ಹುಡುಗೀರು ಎಷ್ಟು ಜನ ಇದ್ದಾರೆ, ಅದೇ ರಾಜ್ಯದ ಹಳ್ಳಿ ಸಂಘದಲ್ಲಿ ಮೆಸೇಜ್ ಕಳೆದುಹೋಗುತ್ತೆ ಅಂದ್ರೆ ನನಗೆ ಹೊಟ್ಟೆ ಉರಿಯುತ್ತೆ.

ನಮ್ಮ ದೇಶದ್ದೇ ಉದಾಹರಣೆ ನೋಡಿ. ಯುಪಿಐನ ಒಳಗಡೆ ಹೋದ್ರೆ, ಬ್ಯಾಂಕು ಪೇಮೆಂಟ್ ಕೋರಿಕೆ ಕಳಿಸಿದ ತಕ್ಷಣ ಯುಪಿಐ ನಡೆಸೋ ಎನ್‌ಪಿಸಿಐ ಸಂಸ್ಥೆ ಕಡೆಯಿಂದ ಬರೋದು ಬರೀ 'ಸಿಕ್ತು' ಅನ್ನೋ ಅಕ್, ಅಂದ್ರೆ ಅಕ್ನಾಲೆಜ್‌ಮೆಂಟ್, ದುಡ್ಡು ಹೋಯ್ತಾ ಇಲ್ವಾ ಅನ್ನೋ ಉತ್ತರ ಆಮೇಲೆ ಬೇರೆ ಮೆಸೇಜಾಗಿ ಬರುತ್ತೆ, ಬರದಿದ್ರೆ ವ್ಯವಹಾರ ಏನಾಯ್ತು ಅಂತ ಕೇಳೋಕೆ ಅಂತಲೇ ಇನ್ನೊಂದು ಮೆಸೇಜ್ ಇದೆ. ಕೇಳೋದು ಬೇರೆ, ಉತ್ತರ ಬೇರೆ ಅಂತ ಮೊದಲೇ ಬಿಡಿಸಿ ಇಟ್ಟಿರೋದ್ರಿಂದಲೇ ಅಷ್ಟು ದೊಡ್ಡ ವ್ಯವಸ್ಥೆ ಉಸಿರಾಡ್ತಿದೆ. ನೆಫ್ಟ್ 2019ರ ಡಿಸೆಂಬರ್ 16ರಿಂದ, ಆರ್‌ಟಿಜಿಎಸ್ 2020ರ ಡಿಸೆಂಬರ್ 14ರಿಂದ ದಿನದ 24 ಗಂಟೆನೂ ನಡೀತಿದೆ, ಭಾನುವಾರ ಇಲ್ಲ ಹಬ್ಬ ಇಲ್ಲ. ಆದ್ರೆ ಪ್ರತಿ ಬ್ಯಾಂಕಿಗೂ ರಾತ್ರಿ ಡೇ ಎಂಡ್ ಅನ್ನೋದು ಇದ್ದೇ ಇದೆಯಲ್ಲ, ಆ ಹೊತ್ತಲ್ಲಿ ಬಂದ ಹಣದ ಸಂದೇಶ ಬಿದ್ದು ಹೋಗಬಾರದು ಅಂತ ತಡೆದು ಇಟ್ಕೊಳ್ಳೋ ವ್ಯವಸ್ಥೆ ಮಾಡ್ಕೊಳ್ಳದೇ ಇದು ಆಗೋ ಕೆಲಸಾನಾ? ದೊಡ್ಡವರಿಗೆ ಗೊತ್ತಿರೋ ಈ ವಿದ್ಯೆ ಕೊಂಡಿಯ ಕೊನೇ ತುದಿಗೆ, ಸಂಘದ ಬಾಗಿಲಿಗೆ ಬರೋ ಹೊತ್ತಿಗೆ ಯಾಕೆ ನಿಂತು ಹೋಗ್ಬೇಕು?

ಇನ್ನೊಂದು ಲೆಕ್ಕ ಇದೆ. ಒಂದು ಸಂಘ ಈಗ ಬರೀ ಸಾಲ ಕೊಡಲ್ಲ. ಗೊಬ್ಬರ ಮಾರುತ್ತೆ, ನ್ಯಾಯಬೆಲೆ ಅಂಗಡಿ ನಡೆಸುತ್ತೆ, ಕೆಲವು ಕಡೆ ಸಾಮಾನ್ಯ ಸೇವಾ ಕೇಂದ್ರಾನೂ ಇದೆ. ಸಾಲ, ಗೊಬ್ಬರದ ದಾಸ್ತಾನು, ಪಡಿತರ, ಡಿಸಿಸಿ ಬ್ಯಾಂಕು, ಪೇಮೆಂಟು, ಎಸ್ಸೆಮ್ಮೆಸ್ಸು, ಆಡಿಟ್ಟು ಅಂತ 7 ಸಾಫ್ಟ್‌ವೇರ್ ಅಂದ್ಕೊಳ್ಳಿ, ಎಲ್ಲಾನೂ ನೇರವಾಗಿ ಒಂದಕ್ಕೊಂದು ಕಟ್ಟೋಕೆ ಹೋದ್ರೆ 21 ಕೊಂಡಿ. ಒಂದು ಬದಲಾದ್ರೆ ಉಳಿದ ಆರರವರಿಗೂ ಫೋನ್ ಮಾಡಿ ಬದಲಾಯಿಸಿ ಅಂತ ಕೇಳ್ಕೋಬೇಕು, ಸಾಫ್ಟ್‌ವೇರ್ ಮಾರೋ ಒಬ್ಬ ವೆಂಡರ್ ಒಪ್ಪಿದ್ರೆ ಇನ್ನೊಬ್ಬ ಅದಕ್ಕೆ ಬೇರೆ ಬಿಲ್ ಹಾಕ್ತಾನೆ. ನಡುವೆ ಕ್ಯೂ ಇದ್ರೆ ಒಬ್ಬೊಬ್ಬರದು ಒಂದೊಂದೇ ಕೊಂಡಿ, 7ಕ್ಕೆ 7. ಸಾಲ ತೀರಿತು ಅನ್ನೋ ಒಂದೇ ಸುದ್ದಿನ ಪಬ್ಲಿಷ್ ಮಾಡಿದ್ರೆ ಬ್ಯಾಂಕು, ಎಸ್ಸೆಮ್ಮೆಸ್ಸು, ಆಡಿಟ್ಟು ಮೂರೂ ತಂತಮ್ಮ ಪ್ರತಿ ತಗೊಳ್ತವೆ, ಕಳಿಸಿದವನಿಗೆ ಯಾರು ಯಾರು ತಗೊಂಡ್ರು ಅಂತ ಗೊತ್ತಿರಬೇಕಾಗೂ ಇಲ್ಲ.

ಇಷ್ಟು ಹೇಳಿ ಕ್ಯೂ ಹಾಕ್ಬಿಟ್ರೆ ಎಲ್ಲ ಸರಿ ಹೋಗುತ್ತೆ ಅಂತ ನಾನು ಹೇಳಲ್ಲ, ಅರ್ಧಂಬರ್ಧ ಹಾಕಿದ್ರೆ ಇರೋದಕ್ಕಿಂತ ಕೆಟ್ಟದಾಗುತ್ತೆ. ಮೊದಲನೇದಾಗಿ, ಕ್ಯೂ ಅಂದ ಮಾತ್ರಕ್ಕೆ ಮೆಸೇಜ್ ಡಿಸ್ಕ್‌ನಲ್ಲಿ ಇರುತ್ತೆ ಅಂತೇನಿಲ್ಲ. ರ‍್ಯಾಬಿಟ್‌ಎಂಕ್ಯೂನಲ್ಲಿ ಕ್ಯೂನೂ ಡ್ಯೂರಬಲ್ (ರೀಸ್ಟಾರ್ಟ್ ಆದ್ರೂ ಉಳಿಯೋದು) ಅಂತ ಇರಬೇಕು, ಮೆಸೇಜೂ ಪರ್ಸಿಸ್ಟೆಂಟ್ (ಡಿಸ್ಕ್‌ಗೆ ಬರೆಯೋದು) ಅಂತ ಇರಬೇಕು, ಒಂದು ಮರೆತ್ರೂ ಸರ್ವರ್ ರೀಸ್ಟಾರ್ಟ್ ಆದಾಗ ಎಲ್ಲ ಮಾಯ. ಹಂಗೇ ಆಟೋ ಅಕ್ ಅಂತ ಒಂದಿದೆ, ಅದನ್ನ ಹಾಕಿದ್ರೆ ಮೆಸೇಜನ್ನ ಆ ಕಡೆ ಕಳಿಸಿದ ತಕ್ಷಣ ಕ್ಯೂ ಅಳಿಸಿಬಿಡುತ್ತೆ, ಆ ಕಡೆಯವನು ಖಾತೆಗೆ ಜಮಾ ಮಾಡಿದ್ನಾ ಇಲ್ಲ ನಡುವೆ ಸತ್ತು ಬಿದ್ನಾ ಅಂತ ನೋಡಲ್ಲ. ಅವಸರದಲ್ಲಿ ಇಂಟರ್ನೆಟ್‌ನಿಂದ ಉದಾಹರಣೆ ಕೋಡ್ ಎತ್ಕೊಂಡು ಹಾಕೋರು ಇದನ್ನ ಹಂಗೇ ಬಿಟ್ಟಿರೋದು ನಾನು ನೋಡಿದ್ದೀನಿ, ಹೊರಗಿಂದ ನೋಡಿದ್ರೆ ಕ್ಯೂ ಇದೆ, ಒಳಗೆ ನೋಡಿದ್ರೆ ಏನೂ ಇಲ್ಲ.

ಎರಡನೇದು ಇನ್ನೂ ಮುಖ್ಯ. ಸಾಲದ ಸಾಫ್ಟ್‌ವೇರ್ ಮೆಸೇಜ್ ತಗೊಂಡು ಖಾತೆಗೆ 50,000 ಜಮಾ ಮಾಡ್ತು ಅಂದ್ಕೊಳ್ಳಿ, 'ಆಯ್ತು' ಅಂತ ಕ್ಯೂಗೆ ಹೇಳೋಕೆ ಮುಂಚೆ ಕರೆಂಟ್ ಹೋಯ್ತು. ಕ್ಯೂಗೆ ಗೊತ್ತಿರೋದು ಇಷ್ಟೇ, ತಗೊಂಡವನು ಉತ್ತರ ಕೊಡ್ಲಿಲ್ಲ. ಹಂಗಾಗಿ ಕರೆಂಟ್ ಬಂದ ಮೇಲೆ ಅದೇ ಮೆಸೇಜ್ ಮತ್ತೆ ಕೊಡುತ್ತೆ, ಕೊಡಲೇಬೇಕು, ಅದು ಸರಿಯಾದ ನಡವಳಿಕೆನೇ. ಆದ್ರೆ ಆ ಕಡೆ ಕಣ್ಣು ಮುಚ್ಚಿಕೊಂಡು ಮತ್ತೆ 50,000 ಜಮಾ ಮಾಡಿದ್ರೆ ಲೆಕ್ಕ ಎಕ್ಕುಟ್ಟಿ ಹೋಗುತ್ತೆ. ಮೆಸೇಜ್ ಒಂದೇ ಒಂದು ಸಲ ಮಾತ್ರ ಬರುತ್ತೆ ಅಂತ ಯಾವ ವೆಂಡರ್ ಬಂದು ಸ್ಲೈಡ್ ತೋರಿಸಿದ್ರೂ ನಂಬಬೇಡಿ, ಎರಡು ಬೇರೆ ಬೇರೆ ಸರ್ವರ್ ಇರೋ ಕಡೆ ಎರಡು ಸಲ ಬರೋ ಸಾಧ್ಯತೆ ಇದ್ದೇ ಇರುತ್ತೆ. ಮಾಡಬೇಕಾದ್ದು ಏನಂದ್ರೆ ಪ್ರತಿ ಮೆಸೇಜ್ ಜತೆ ಒಂದು ಗುರುತಿನ ನಂಬರ್ ಇರಬೇಕು, ಸಾಲದ ಸಾಫ್ಟ್‌ವೇರ್ ಜಮಾ ಮಾಡೋವಾಗಲೇ ಅದೇ ಡೇಟಾಬೇಸ್ ಟ್ರಾನ್ಸಾಕ್ಷನ್‌ನಲ್ಲಿ, ಅಂದ್ರೆ ಆದ್ರೆ ಎರಡೂ ಆಗ್ಬೇಕು ಇಲ್ಲಾಂದ್ರೆ ಎರಡೂ ಆಗಬಾರದು ಅನ್ನೋ ಹಂಗೆ, ಆ ನಂಬರನ್ನೂ ಬರ್ಕೋಬೇಕು, ಅದೇ ನಂಬರ್ ಮತ್ತೆ ಬಂದ್ರೆ 'ಇದು ಆಗಿದೆ' ಅಂತ ಹೇಳಿ ಪಕ್ಕಕ್ಕೆ ಇಡ್ಬೇಕು. ನಂಬರ್ ಹೊಸದಾಗಿ ಹುಡುಕಬೇಕಾಗೂ ಇಲ್ಲ, ಯುಪಿಐನ ಪ್ರತಿ ವ್ಯವಹಾರಕ್ಕೂ 12 ಅಂಕಿಯ ಆರ್‌ಆರ್‌ಎನ್ ಅನ್ನೋ ಗುರುತಿನ ನಂಬರ್ ಇದ್ದೇ ಇದೆ, ರೈತರ ಫೋನಿನಲ್ಲೂ ಅದು ಕಾಣುತ್ತೆ. ಆ ನಂಬರ್ ಹಿಡ್ಕೊಂಡು ಬಂದವರಿಗೆ ಕಾರ್ಯದರ್ಶಿಗಳು ಸ್ಕ್ರೀನಲ್ಲಿ ಟೈಪ್ ಮಾಡಿ ಮೆಸೇಜ್ ಎಲ್ಲಿದೆ ಅಂತ ಹೇಳೋ ಹಂಗೆ ಆದ್ರೆ ಅರ್ಧ ಅಲೆದಾಟ ಅಲ್ಲೇ ತಪ್ಪುತ್ತೆ.

ಈಗ ನಾನು ಅತಿ ಹೆಚ್ಚು ತಲೆ ಕೆಡಿಸ್ಕೊಂಡಿರೋ ವಿಷಯ, ಡೆಡ್ ಲೆಟರ್ ಕ್ಯೂ. ಕೆಲವು ಮೆಸೇಜ್‌ಗಳನ್ನ ಎಷ್ಟು ಸಲ ಕೊಟ್ರೂ ಆ ಕಡೆ ಸಾಫ್ಟ್‌ವೇರ್‌ಗೆ ಜೀರ್ಣ ಆಗಲ್ಲ. ಖಾತೆ ನಂಬರ್ ತಪ್ಪಿರಬಹುದು, ದಿನಾಂಕ ಉಲ್ಟಾ ಇರಬಹುದು. ಅದನ್ನ ಕ್ಯೂನ ಮುಂದೆ ಹಂಗೇ ಬಿಟ್ರೆ ಹಿಂದಿರೋ ಎಲ್ಲವೂ ಅಲ್ಲೇ ನಿಲ್ತವೆ, ಅದಕ್ಕೆ ಇಷ್ಟು ಸಲ ಪ್ರಯತ್ನ ಮಾಡಿ ಆಗದಿದ್ರೆ ತೆಗೆದು ಪಕ್ಕದ ಒಂದು ಕ್ಯೂಗೆ ಹಾಕು ಅಂತ ನಿಯಮ ಇಡ್ತೀವಿ. ಆ ಪಕ್ಕದ ಕ್ಯೂನೇ ಡೆಡ್ ಲೆಟರ್ ಕ್ಯೂ. ವ್ಯವಸ್ಥೆ ಚೆನ್ನಾಗೇ ಇದೆ. ಆದ್ರೆ ಅಲ್ಲಿ ಬಿದ್ದಿರೋದನ್ನ ಯಾರು ನೋಡ್ತಾರೆ? ನಾನು ಒಂದು ಸಂಸ್ಥೆಗೆ ಹೋದಾಗ, ಹೆಸರು ಬೇಡ, ಆ ಕ್ಯೂ ತೆಗೆದು ನೋಡಿದ್ರೆ ತಿಂಗಳುಗಟ್ಟಲೆ ಹಳೇ ಮೆಸೇಜುಗಳು ಹಂಗೇ ಬಿದ್ದಿದ್ವು. ಒಂದೊಂದೇ ತೆಗೆದು ನೋಡಿದ್ರೆ ಒಂದು ವಿಚಿತ್ರ ಕಾಣ್ತು, ಹೆಸರು ಇಂಗ್ಲಿಷಲ್ಲಿ ಇದ್ದವರದು ಒಂದೂ ಇಲ್ಲ, ಎಲ್ಲ ಕನ್ನಡದಲ್ಲಿ ಹೆಸರು ಬರೆಸಿದವರದ್ದೇ, ಅದರಲ್ಲೂ ಉದ್ದ ಹೆಸರು ಇದ್ದವರದು.

ಕಾರಣ ಹೇಳ್ತೀನಿ ಕೇಳಿ. ಕೃಷ್ಣಮೂರ್ತಿ ಅನ್ನೋ ಹೆಸರು ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಕಂಪ್ಯೂಟರ್ ಅದನ್ನ ಬಿಡಿಸಿ ಬರ್ಕೊಳ್ಳುತ್ತೆ, ಕ, ವಟ್ರಸುಳಿ, ಷ, ಒಂದು ಹಲಂತ (ಒತ್ತು ಕೊಡೋ ಚಿಹ್ನೆ), ಣ, ಮ, ಕೊಂಬಿನ ಇಳಿ, ರ, ಇನ್ನೊಂದು ಹಲಂತ, ತ, ಗುಡಿಸು ಅಂತ ಒಟ್ಟು 11 ಚಿಹ್ನೆ. ಯೂನಿಕೋಡ್‌ನ ಯುಟಿಎಫ್-8 ಅನ್ನೋ ಪದ್ಧತೀಲಿ ಕನ್ನಡದ ಪ್ರತಿ ಚಿಹ್ನೆಗೂ 3 ಬೈಟ್ ಬೇಕು, ಬೈಟ್ ಅಂದ್ರೆ ಕಂಪ್ಯೂಟರ್ ಜಾಗದ ಅಳತೆ, ಅಲ್ಲಿಗೆ 33 ಬೈಟ್. ಅದೇ ಹೆಸರನ್ನ ಇಂಗ್ಲಿಷಲ್ಲಿ ಬರೆದ್ರೆ 13 ಬೈಟ್ ಅಷ್ಟೇ. ಸಾಫ್ಟ್‌ವೇರ್ ಮಾಡಿದವರು ಹೆಸರಿಗೆ 32 ಬೈಟ್ ಸಾಕು ಅಂತ ಜಾಗ ಬಿಟ್ಟಿದ್ರು. 33ನೇ ಬೈಟ್ ಕತ್ತರಿಸಿ ಹೋದಾಗ ಕೊನೇ ಗುಡಿಸು ಮೂರರಲ್ಲಿ ಒಂದು ಬೈಟ್ ಕಳ್ಕೊಂಡು ಮುರಿದು ನಿಲ್ಲುತ್ತೆ, ಅದು ಯಾವ ಅಕ್ಷರಾನೂ ಅಲ್ಲ, ಓದೋಕೆ ಹೋದ ಪ್ರೋಗ್ರಾಂ ಇದು ಕೆಟ್ಟ ಮೆಸೇಜ್ ಅಂತ ಎಸೆಯುತ್ತೆ, ಮತ್ತೆ ಬರುತ್ತೆ, ಮತ್ತೆ ಎಸೆಯುತ್ತೆ, ಕೊನೆಗೆ ಡೆಡ್ ಲೆಟರ್. ಆ ಮನುಷ್ಯ ಮಾಡಿದ ತಪ್ಪೇನು, ಕರ್ನಾಟಕದಲ್ಲಿ ಇದ್ಕೊಂಡು ತನ್ನ ಹೆಸರನ್ನ ಕನ್ನಡದಲ್ಲಿ ಬರೆಸಿದ್ದಾ? ಈ ಸಂಘಗಳ ದಾಖಲೆ ಎಲ್ಲ ಕನ್ನಡದಲ್ಲೇ ಇರ್ತವೆ, ಇರಲೇಬೇಕು. ಹಂಗಾಗಿ ಯಾವ ಮೆಸೇಜ್ ವ್ಯವಸ್ಥೆ ಬಂದ್ರೂ ಮೊದಲ ದಿನವೇ ಉದ್ದುದ್ದ ಕನ್ನಡ ಹೆಸರುಗಳು, ಒತ್ತಕ್ಷರ ತುಂಬಿರೋ ಊರ ಹೆಸರುಗಳು, ಅರ್ಕಾವತ್ತು ಇರೋ ಹೆಸರುಗಳು ಇವನ್ನೆಲ್ಲ ಹಾಕಿ ಈ ತುದಿಯಿಂದ ಆ ತುದಿ ತನಕ ಓಡಿಸಿ ನೋಡ್ಬೇಕು. ಇದನ್ನ ದೆಹಲಿಯಲ್ಲೋ ಮುಂಬೈಲೋ ಕೂತವರು ನಮಗಾಗಿ ಮಾಡಲ್ಲ, ನಮ್ಮ 21 ಡಿಸಿಸಿ ಬ್ಯಾಂಕುಗಳೇ ಮಾಡ್ಕೋಬೇಕು.

ಇನ್ನು ಕ್ಯೂ ತುಂಬೋದು. ಐಬಿಎಂ ಎಂಕ್ಯೂನಲ್ಲಿ ನಾವಾಗಿ ಬದಲಾಯಿಸದಿದ್ರೆ ಒಂದು ಕ್ಯೂನಲ್ಲಿ 5,000 ಮೆಸೇಜ್ ತನಕ ಹಿಡಿಸುತ್ತೆ, ಮುಂದಿನದಕ್ಕೆ 2053 ಅನ್ನೋ ಎರರ್ ಕೊಟ್ಟು ವಾಪಸ್ ಕಳಿಸುತ್ತೆ, ಕ್ಯೂ ಫುಲ್ ಅಂತ. ಮಾಮೂಲಿ ದಿನಕ್ಕೆ 5,000 ಧಾರಾಳ, ಗಡುವಿನ ರಾತ್ರಿ ಇಡೀ ಜಿಲ್ಲೆ ಕಟ್ಟೋವಾಗ ಎಲ್ಲಿ ಸಾಕಾಗುತ್ತೆ. ಕ್ಯೂನಲ್ಲಿ ಎಷ್ಟು ಮೆಸೇಜ್ ಇದೆ ಅಂತ ಮಾತ್ರ ನೋಡಿದ್ರೂ ಸಾಲದು, ಅತಿ ಹಳೇ ಮೆಸೇಜ್ ಎಷ್ಟು ಹೊತ್ತಿಂದ ಕಾಯ್ತಿದೆ ಅಂತ ನೋಡ್ಬೇಕು. ಹತ್ತೇ ಮೆಸೇಜ್ ಇದ್ದು ಮೊದಲನೇದು ನಿನ್ನೆ ಮಧ್ಯಾಹ್ನದಿಂದ ನಿಂತಿದ್ರೆ ಆ ಕಡೆ ಏನೋ ಸತ್ತಿದೆ ಅಂತಲೇ ಅರ್ಥ, ಯಾರಿಗಾದ್ರೂ ಫೋನ್ ಹೋಗ್ಬೇಕು.

ಎಲ್ಲದಕ್ಕೂ ಕ್ಯೂ ಹಾಕಿ ಅಂತಾನೂ ನಾನು ಹೇಳ್ತಿಲ್ಲ. ಗೊಬ್ಬರ ಕೊಡೋವಾಗ ಪಿಒಎಸ್ ಮಿಷನ್‌ನಲ್ಲಿ ಆಧಾರ್ ಬೆರಳಚ್ಚು ಒತ್ತಿಸ್ತಾರಲ್ಲ, ಅಲ್ಲಿ ರೈತ ಎದುರಿಗೇ ನಿಂತಿರ್ತಾನೆ, ಹೌದು ಇಲ್ಲ ಅನ್ನೋ ಉತ್ತರ ಆ ಕ್ಷಣಕ್ಕೇ ಬೇಕು, ಅಲ್ಲಿ ಕ್ಯೂ ಹಾಕಿ ಪ್ರಯೋಜನ ಇಲ್ಲ. ಖಾತೇಲಿ ಎಷ್ಟಿದೆ ಅಂತ ಕೇಳೋದೂ ಅಷ್ಟೇ. ಆದ್ರೆ ಗೊಬ್ಬರ ಮಾರಿದ ಮೇಲೆ ದಾಸ್ತಾನು ಕಡಿಮೆ ಮಾಡೋದು, ಲೆಕ್ಕಕ್ಕೆ ತಗೊಳ್ಳೋದು, ಮೆಸೇಜ್ ಕಳಿಸೋದು, ಇವೆಲ್ಲ ಎರಡು ನಿಮಿಷ ತಡ ಆದ್ರೆ ಏನೂ ಮುಳುಗಲ್ಲ, ಕಳೆದು ಮಾತ್ರ ಹೋಗಬಾರದು. ಹಂಗೇ ಇತ್ತೀಚೆಗೆ ಎಲ್ಲಿ ಹೋದ್ರೂ ಕಾಫ್ಕಾ ಕಾಫ್ಕಾ ಅಂತಾರೆ, ಅದೂ ಮೆಸೇಜ್ ಸಾಗಿಸೋ ವ್ಯವಸ್ಥೆನೇ. ಲಿಂಕ್ಡ್‌ಇನ್ ಕಂಪನೀಲಿ ಪುಣೆಯ ನೇಹಾ ನಾರ್ಖೇಡೆ, ಜೇ ಕ್ರೆಪ್ಸ್, ಜುನ್ ರಾವ್ ಸೇರಿ ಕಟ್ಟಿ 2011ರಲ್ಲಿ ಎಲ್ಲರಿಗೂ ಬಿಟ್ಟ ಅದ್ಭುತ ಸಾಫ್ಟ್‌ವೇರ್ ಅದು, ನನಗೆ ತುಂಬಾ ಗೌರವ ಇದೆ, ಆದ್ರೆ ಅದನ್ನ ನೋಡ್ಕೊಳ್ಳೋಕೆ ಜನ ಬೇಕು, ಹಲವು ಸರ್ವರ್ ಬೇಕು, ಜಿಲ್ಲಾ ಬ್ಯಾಂಕಿಗೆ ಅಷ್ಟು ದೊಡ್ಡ ಸಂಸಾರ ಯಾಕೆ? ಒಂದು ರ‍್ಯಾಬಿಟ್‌ಎಂಕ್ಯೂ ಸಾಕು. ಅದೂ ಬೇಡ ಅಂದ್ರೆ, ಕಳಿಸೋ ಕಡೆಯ ಡೇಟಾಬೇಸ್‌ನಲ್ಲೇ ಔಟ್‌ಬಾಕ್ಸ್ ಅಂತ ಒಂದು ಟೇಬಲ್ ಮಾಡಿ, ದುಡ್ಡು ಬಂದ ದಾಖಲೆ ಬರೆಯೋ ಅದೇ ಟ್ರಾನ್ಸಾಕ್ಷನ್‌ನಲ್ಲಿ ಮೆಸೇಜನ್ನೂ ಅಲ್ಲಿ ಬರೆದು, ಇನ್ನೊಂದು ಪುಟ್ಟ ಪ್ರೋಗ್ರಾಂ ಅದನ್ನ ಎತ್ಕೊಂಡು ಆ ಕಡೆ ಒಪ್ಪೋ ತನಕ ಕಳಿಸ್ತಾ ಇದ್ರೂ ಕೆಲಸ ಆಗುತ್ತೆ. ಹೆಸರು ಯಾವುದಾದ್ರೂ ಇರ್ಲಿ, ಕೈಗೆ ಬಂದ ಸುದ್ದಿನ ಡಿಸ್ಕ್‌ಗೆ ಬರೆಯದೇ 'ಸಿಕ್ತು' ಅನ್ನಬಾರದು, ಅದಷ್ಟೇ ನನ್ನ ಹಠ.

ಇದರ ಜತೆ ಸಹಕಾರ ಇಲಾಖೆಯವರು ಒಂದು ವಿಷಯ ಕಾಗದದಲ್ಲೇ ಸ್ಪಷ್ಟ ಮಾಡಬೇಕು, ಇದು ಸಾಫ್ಟ್‌ವೇರಿಂದ ಆಗೋದಲ್ಲ. ಮೆಸೇಜ್ ಕ್ಯೂನಲ್ಲಿ ಕಾದು ಬೆಳಗ್ಗೆ ಜಮಾ ಆಯ್ತು ಅಂದ್ಕೊಳ್ಳಿ, ಸಾಲದ ಸಾಫ್ಟ್‌ವೇರ್ ಜಮಾ ಆದ ದಿನವನ್ನೇ ಕಟ್ಟಿದ ದಿನ ಅಂತ ತಗೊಂಡ್ರೆ ರೈತನಿಗೆ ಮತ್ತೆ ಸುಸ್ತಿ, ಮತ್ತೆ ಬಡ್ಡಿ, ಕ್ಯೂ ಹಾಕಿಯೂ ನೀರಲ್ಲಿ ಹೋಮ ಮಾಡಿದಂಗೆ. ರೈತ ದುಡ್ಡು ಕಟ್ಟಿದ ಗಳಿಗೆ ಮೆಸೇಜಿನ ಒಳಗೇ ಇರಬೇಕು, ಬಡ್ಡಿ ಲೆಕ್ಕ, ಗಡುವಿನ ಲೆಕ್ಕ ಎಲ್ಲ ಆ ಗಳಿಗೆ ಮೇಲೇ ಆಗಬೇಕು. ಸುಸ್ತಿ ಪಟ್ಟಿ ತೆಗೆಯೋ ಮುಂಚೆ ಕ್ಯೂ ಖಾಲಿ ಇದೆಯಾ, ಡೆಡ್ ಲೆಟರ್ ಖಾಲಿ ಇದೆಯಾ ಅಂತ ನೋಡಿ ಆಮೇಲೆ ತೆಗೀಬೇಕು. ಯಾರ ಮೆಸೇಜ್ ಬಾಕಿ ಇದೆ ಅನ್ನೋ ಪಟ್ಟಿ ಸಂಘದ ಕಾರ್ಯದರ್ಶಿಗಳ ಸ್ಕ್ರೀನಲ್ಲಿ ಕನ್ನಡದಲ್ಲಿ ಕಾಣಬೇಕು, ಬೆಂಗಳೂರಿನ ಯಾವುದೋ ಡೇಟಾ ಸೆಂಟರ್‌ನ ಲಾಗ್ ಫೈಲಲ್ಲಿ ಹೂತು ಹೋಗಬಾರದು.

ಟೆಂಡರ್ ಕರೆಯೋವಾಗ ಈಗ ಬರೀತಿರೋದು 'ಡಿಸಿಸಿ ಬ್ಯಾಂಕ್ ಜತೆ ಇಂಟಿಗ್ರೇಷನ್ ಇರತಕ್ಕದ್ದು' ಅನ್ನೋ ಥರದ ಒಂದು ಸಾಲು. ಆ ಒಂದು ಸಾಲಿನ ಕೆಳಗೆ ಯಾವ ವೆಂಡರ್ ಏನು ಮಾಡಿದ್ರೂ ಪಾಸ್ ಆಗುತ್ತೆ. ಅದರ ಬದಲು ಆ ಕಡೆ ಸರ್ವರ್ ಎಷ್ಟು ಹೊತ್ತು ಮಲಗಿದ್ರೂ ಮೆಸೇಜ್ ಉಳೀಬೇಕು, ಎರಡು ಸಲ ಬಂದ್ರೂ ಒಂದೇ ಸಲ ಜಮಾ ಆಗಬೇಕು, ಡೆಡ್ ಲೆಟರ್ ನೋಡೋಕೆ ಹೆಸರು ಹಾಕಿ ಒಬ್ಬ ಮನುಷ್ಯ ಇರಬೇಕು ಅಂತ ಬಿಡಿಸಿ ಬರೀಲಿ. ಪತ್ರಕರ್ತ ಮಿತ್ರರಲ್ಲೂ ಒಂದು ವಿನಂತಿ, ಸರ್ವರ್ ಡೌನ್ ಅಂತ ಯಾವ ಕಚೇರಿ ಹೇಳಿದ್ರೂ ಹಂಗೇ ಅಚ್ಚು ಹಾಕ್ಬೇಡಿ, ಯಾವ ಸರ್ವರ್, ಅದು ಡೌನ್ ಇದ್ದಾಗ ಬಂದ ವ್ಯವಹಾರಗಳು ಎಲ್ಲಿ ಹೋದ್ವು ಅಂತ ಇನ್ನೊಂದು ಪ್ರಶ್ನೆ ಕೇಳಿ.

ಮುಂದಿನ ಬೆಳೆಸಾಲದ ಗಡುವು ಬರೋದ್ರೊಳಗೆ ಪ್ರತಿ ಡಿಸಿಸಿ ಬ್ಯಾಂಕೂ ಒಂದು ರಾತ್ರಿ ಸಾಲದ ಸರ್ವರನ್ನ ಬೇಕಂತಲೇ ಬಂದ್ ಮಾಡಿ, ಬೇರೆ ಬೇರೆ ಸಂಘಗಳಿಂದ ಹತ್ತತ್ತು ರೂಪಾಯಿ ಕಟ್ಟಿಸಿ, ಬೆಳಗ್ಗೆ ಸರ್ವರ್ ಶುರು ಮಾಡಿ ಅಷ್ಟೂ ದುಡ್ಡು ಆಯಾ ಖಾತೆಗೆ ಒಂದೇ ಒಂದು ಸಲ, ಕಟ್ಟಿದ ರಾತ್ರಿಯದೇ ದಿನಾಂಕ ಹಾಕಿ ಜಮಾ ಆಯ್ತಾ ಅಂತ ಲೆಕ್ಕ ಹಾಕಿ, ಬಂದ ಫಲಿತಾಂಶನ ಸಂಘದ ನೋಟಿಸ್ ಬೋರ್ಡಿಗೆ ಹಚ್ಚಲಿ ಅಂತ ಸಹಕಾರ ಸಂಘಗಳ ನಿಬಂಧಕರನ್ನ ನಿಮ್ಮ ಪತ್ರಿಕೆ ಮೂಲಕ ಕೇಳ್ಕೊಳ್ತೀನಿ.

ಇಂತಿ ನಿಮ್ಮ ಓದುಗ,
ಸಂಘದ ಸದಸ್ಯರ ಮನೆಯವ, ಬೆಂಗಳೂರು